ವೈನ್ ತಂತ್ರಾಂಶದ ಬಳಕೆದಾರರ ಸಂಖ್ಯೆ: ಅಂದಾಜಿನ ವಿಧಾನಗಳು ಮತ್ತು ಅವುಗಳ ಮಿತಿ

ಬೆಲೆ ಕೊಟ್ಟು ಕೊಳ್ಳುವ ಪದಾರ್ಥದ ಬಳಕೆ ಎಷ್ಟೆಂಬುದನ್ನು ಅರಿಯಲು ಮಾರಾಟದ ಲೆಕ್ಕವೇ ಬಹುಮಟ್ಟಿಗೆ ಸಾಕು. ಬೆಲೆಯಿಲ್ಲದೆ ದೊರೆಯುವ, ಯಾರು ಬೇಕಾದರೂ ನಕಲು ಮಾಡಿ ಹಂಚಬಹುದಾದ ವಸ್ತುವಿಗೆ ಅಂತಹ ಲೆಕ್ಕವಿರುವುದಿಲ್ಲ. ಮುಕ್ತ ತಂತ್ರಾಂಶಗಳು ಈ ಬಗೆಯವು. ಅವುಗಳ ಬಳಕೆದಾರರು ಎಷ್ಟು ಮಂದಿ ಎಂಬುದನ್ನು ಹೇಗೆ ಅಂದಾಜಿಸಬಹುದು? ವೈನ್ ಎಂಬ ತಂತ್ರಾಂಶವನ್ನು ನಿದರ್ಶನವಾಗಿಟ್ಟುಕೊಂಡು ಈ ಪ್ರಶ್ನೆಯನ್ನು ಇಲ್ಲಿ ವಿವೇಚಿಸಲಾಗಿದೆ.

ಗಣಕದಲ್ಲಿ ನಡೆಯುವ ಪ್ರತಿಯೊಂದು ಪ್ರೋಗ್ರಾಮೂ ಕಡತವನ್ನು ತೆರೆಯಲು, ಪರದೆಯ ಮೇಲೆ ಅಕ್ಷರ ಮೂಡಿಸಲು, ತನ್ನ ಆಧಾರವಾದ ಕಾರ್ಯವ್ಯವಸ್ಥೆಗೆ ಕೋರಿಕೆಗಳನ್ನು ಸಲ್ಲಿಸುತ್ತಿರುತ್ತದೆ. ಈ ಕೋರಿಕೆಗಳ ರೀತಿ ವಿಂಡೋಸಿನಲ್ಲಿ ಒಂದು, ಲಿನಕ್ಸಿನಲ್ಲಿ ಮತ್ತೊಂದು. ಆದುದರಿಂದ ವಿಂಡೋಸಿಗೆಂದು ರಚಿಸಿದ ಪ್ರೋಗ್ರಾಮು ಲಿನಕ್ಸಿನಲ್ಲಿ ನೇರವಾಗಿ ನಡೆಯದು. ವೈನ್ ಇವೆರಡರ ನಡುವೆ ದುಭಾಷಿಯಂತೆ ನಿಂತು, ವಿಂಡೋಸಿನ ಪರವಾಗಿ ತಾನೇ ಉತ್ತರ ಕೊಡುತ್ತದೆ. ಈ ಕಾರ್ಯ 1993ರಲ್ಲಿ ಆರಂಭವಾಯಿತು. 1994ರಿಂದ ಅಲೆಕ್ಸಾಂಡ್ರ್ ಜೂಲಿಯಾರ್ ಅವರು ಇದರ ಮುಂದಾಳು. ಹದಿನೈದು ವರ್ಷಗಳ ದುಡಿಮೆಯ ಅನಂತರ, 2008ರಲ್ಲಿ, ಇದರ 1.0 ಆವೃತ್ತಿ ಹೊರಬಂದಿತು.

ಬಳಕೆದಾರರ ಸಂಖ್ಯೆಯನ್ನು ತಿಳಿಯುವ ಹಂಬಲ ಬರಿಯ ಕುತೂಹಲವಲ್ಲ. ಪ್ರೋಗ್ರಾಮುಗಳನ್ನು ಮಾರುವ ಸಂಸ್ಥೆಗಳು ತಮ್ಮ ಸರಕನ್ನು ಯಾವ ವ್ಯವಸ್ಥೆಯಲ್ಲಿ ಪರೀಕ್ಷಿಸಬೇಕೆಂಬುದನ್ನು ಗಿರಾಕಿಗಳ ಸಂಖ್ಯೆಯ ಮೇಲೆ ನಿರ್ಧರಿಸುತ್ತವೆ. ಲಿನಕ್ಸಿನ ಗಿರಾಕಿಗಳು ಇಲ್ಲವೆಂದು ಕಂಡರೆ ಆ ಕಡೆ ಗಮನ ಹರಿಯುವುದಿಲ್ಲ. ಗಮನ ಹರಿಯದಿದ್ದರೆ ಗಿರಾಕಿಗಳು ಹೆಚ್ಚುವುದಿಲ್ಲ. ಇಲ್ಲೊಂದು ವೈಚಿತ್ರ್ಯವಿದೆ. ವೈನ್ ತನ್ನ ಆಶ್ರಯದಲ್ಲಿ ನಡೆಯುವ ಪ್ರೋಗ್ರಾಮಿಗೆ ತನ್ನನ್ನು ವಿಂಡೋಸ್ ಎಂದೇ ಪರಿಚಯಿಸಿಕೊಳ್ಳುತ್ತದೆ. ಆ ಪ್ರೋಗ್ರಾಮು ತನ್ನ ಒಡೆಯರಿಗೆ ವರದಿ ಕಳುಹಿಸಿದರೆ, ಲಿನಕ್ಸಿನ ಬಳಕೆದಾರನೂ ವಿಂಡೋಸಿನ ಲೆಕ್ಕಕ್ಕೇ ಸೇರುತ್ತಾನೆ. ವೈನ್ ತನ್ನ ಕೆಲಸವನ್ನು ಎಷ್ಟು ಚೆನ್ನಾಗಿ ಮಾಡುತ್ತದೆಯೋ ಅಷ್ಟರಮಟ್ಟಿಗೆ ಅದರ ಬಳಕೆದಾರರು ಕಣ್ಮರೆಯಾಗುತ್ತಾರೆ! ವೈನ್ ಇರುವುದನ್ನು ಪ್ರೋಗ್ರಾಮು ಪತ್ತೆ ಹಚ್ಚುವ ಮಾರ್ಗವಿದೆ. ಆದರೆ ಅದನ್ನು ಬೇಕೆಂದೇ ಹುಡುಕಬೇಕು.

ಮೊದಲು ತೋರುವ ವಿಧಾನ, ಎಷ್ಟು ಪ್ರತಿಗಳು ಇಳಿಸಿಕೊಳ್ಳಲ್ಪಟ್ಟವು ಎಂದು ಎಣಿಸುವುದು. ವೈನಿನ ಪ್ರಾಯೋಗಿಕ ಆವೃತ್ತಿಗಳು ಸುಮಾರು ಎರಡು ವಾರಗಳಿಗೊಮ್ಮೆ ಹೊರಬರುತ್ತವೆ. ಪ್ರತಿಯೊಂದನ್ನೂ ಪಡೆಯುವ ಒಬ್ಬ ಉತ್ಸಾಹಿ ವರ್ಷಕ್ಕೆ ಇಪ್ಪತ್ತಕ್ಕೂ ಹೆಚ್ಚು ಮಂದಿಯಂತೆ ಕಾಣುತ್ತಾನೆ. ಇದಕ್ಕೆ ಪ್ರತಿಯಾಗಿ, ಒಂದು ಕಾಲೇಜು ಒಂದೇ ಪ್ರತಿಯನ್ನು ತರಿಸಿ ನೂರು ಯಂತ್ರಗಳಲ್ಲಿ ಸ್ಥಾಪಿಸಿದರೆ, ಆ ನೂರು ಒಂದಾಗುತ್ತದೆ. ಈ ಎರಡು ದೋಷಗಳು ಒಂದನ್ನೊಂದು ಸರಿದೂಗಿಸುತ್ತವೆಂದು ನಂಬಲು ಆಧಾರವಿಲ್ಲ.

ಎರಡನೆಯದು ಸ್ವಯಂಪ್ರೇರಿತ ವರದಿ. ಲಿನಕ್ಸಿನ ಪ್ರಮುಖ ವಿತರಣೆಗಳಲ್ಲೊಂದಾದ ಡೆಬಿಯನ್, ಒಪ್ಪಿದವರ ಯಂತ್ರಗಳಿಂದ ಪ್ರತಿವಾರವೂ ತಂತ್ರಾಂಶಗಳ ಪಟ್ಟಿಯನ್ನು ಪಡೆಯುತ್ತದೆ. ಬರಿದೆ ಸ್ಥಾಪಿಸಿದ್ದು ಯಾವುದು, ಈಚೆಗೆ ಬಳಸಿದ್ದು ಯಾವುದು ಎಂಬ ಭೇದವನ್ನು ಅದು ತೋರಿಸುವುದು ಮೆಚ್ಚತಕ್ಕ ಅಂಶ. ಆದರೆ ಅನುಮತಿ ಕೊಡದವರು ಈ ಲೆಕ್ಕದ ಹೊರಗೆ ಉಳಿಯುತ್ತಾರೆ. ಅನುಮತಿ ಕೊಟ್ಟವರು ಉಳಿದವರಂತೆಯೇ ಇರುವರೆಂದು ಹೇಳಲಾಗದು. ಈ ತೊಡಕು ಹಳೆಯದು. 1936ರ ಅಮೆರಿಕದ ಅಧ್ಯಕ್ಷರ ಚುನಾವಣೆಗೆ ಮುನ್ನ ಲಿಟರರಿ ಡೈಜೆಸ್ಟ್ ಪತ್ರಿಕೆಯು ಸುಮಾರು ಒಂದು ಕೋಟಿ ಮಂದಿಗೆ ಪ್ರಶ್ನೆಪತ್ರ ಕಳುಹಿಸಿ, 20 ಲಕ್ಷಕ್ಕೂ ಮಿಕ್ಕಿ ಉತ್ತರಗಳನ್ನು ಪಡೆದು, ಲ್ಯಾಂಡನ್ ಗೆಲ್ಲುವರೆಂದು ಸಾರಿತು. 48 ರಾಜ್ಯಗಳಲ್ಲಿ 46ನ್ನು ರೂಸ್‌ವೆಲ್ಟ್ ಗೆದ್ದರು. ಮಾದರಿಯ ಗಾತ್ರವು ಮಾದರಿಯ ವಕ್ರತೆಯನ್ನು ತಿದ್ದಲಾರದು.

ಮೂರನೆಯದು ಗುಣಾಕಾರದ ವಿಧಾನ: ಒಟ್ಟು ಜನಸಂಖ್ಯೆಯನ್ನು ಬಳಕೆಯ ಪ್ರಮಾಣದಿಂದ ಗುಣಿಸುವುದು. ವಾಲ್ವ್ ಸಂಸ್ಥೆಯು ಸ್ಟೀಮ್ ಎಂಬ ತನ್ನ ಮಾರಾಟ ವ್ಯವಸ್ಥೆಯ ಮೂಲಕ ಗಣಕದ ಆಟಗಳನ್ನು ಮಾರುತ್ತದೆ. ವಿಂಡೋಸಿನ ಆಟಗಳು ಲಿನಕ್ಸಿನಲ್ಲಿ ನಡೆಯಲೆಂದು 2018ರಲ್ಲಿ ವೈನನ್ನೇ ಆಧರಿಸಿದ ಪ್ರೋಟಾನನ್ನು ಅದು ಹೊರತಂದಿತು. 2021ರಲ್ಲಿ ಸ್ಟೀಮನ್ನು ತಿಂಗಳಿಗೆ ಬಳಸುವವರು 13 ಕೋಟಿ 20 ಲಕ್ಷ ಎಂದು ಸಂಸ್ಥೆ ಪ್ರಕಟಿಸಿತು. ಆ ವರ್ಷದ ಕೊನೆಯಲ್ಲಿ ಅದರ ಮಾಸಿಕ ಸಮೀಕ್ಷೆಯಲ್ಲಿ ಲಿನಕ್ಸಿನ ಪಾಲು ನೂರಕ್ಕೆ ಒಂದಕ್ಕಿಂತ ತುಸು ಹೆಚ್ಚು. ಗುಣಿಸಿದರೆ 13 ಲಕ್ಷಕ್ಕೂ ಮಿಕ್ಕಿದ ಸಂಖ್ಯೆ ದೊರೆಯುತ್ತದೆ. ಇದು ವೈನಿನ ಬಳಕೆದಾರರ ಸಂಖ್ಯೆಯೇ? ಅಲ್ಲ. ಇವರಲ್ಲಿ ಲಿನಕ್ಸಿಗೆಂದೇ ರಚಿಸಿದ ಆಟಗಳನ್ನು ಮಾತ್ರ ಆಡುವವರಿದ್ದಾರೆ. ಆಟದ ಗೊಡವೆಯೇ ಇಲ್ಲದೆ ಕಚೇರಿಯ ಕೆಲಸಕ್ಕೆ ವೈನನ್ನು ಬಳಸುವವರು ಇದರಲ್ಲಿಲ್ಲ. ಮೇಲಾಗಿ, ಗುಣಾಕಾರದಲ್ಲಿ ದೋಷಗಳೂ ಗುಣಿಸಲ್ಪಡುತ್ತವೆ. ಮೂರು ಅಂಶಗಳಲ್ಲಿ ಒಂದೊಂದೂ ನಿಜದ ಇಮ್ಮಡಿಯೋ ಅರ್ಧವೋ ಆಗಬಹುದಾದರೆ, ಫಲವು ನಿಜದ ಎಂಟು ಪಟ್ಟೋ ಎಂಟನೆಯ ಒಂದು ಭಾಗವೋ ಆಗಬಹುದು.

ನಾಲ್ಕನೆಯ ವಿಧಾನ ಜೀವಶಾಸ್ತ್ರದಿಂದ ಬಂದುದು. ಡೆನ್ಮಾರ್ಕಿನ ಪೀಟರ್ಸನ್ 1896ರಲ್ಲಿ ಮೀನುಗಳನ್ನು ಹಿಡಿದು, ಗುರುತು ಹಾಕಿ ಬಿಟ್ಟು, ಮತ್ತೆ ಹಿಡಿದಾಗ ಗುರುತಿನವು ಎಷ್ಟು ಸಿಕ್ಕವೆಂದು ನೋಡುವ ಕ್ರಮವನ್ನು ಪ್ರಕಟಿಸಿದನು. ಬಳಕೆದಾರರ ಒಂದು ಪಟ್ಟಿಯಲ್ಲಿ 400, ಅದಕ್ಕೆ ಸಂಬಂಧವಿಲ್ಲದ ಇನ್ನೊಂದರಲ್ಲಿ 500, ಎರಡರಲ್ಲೂ 50 ಹೆಸರುಗಳಿವೆ ಎಂದಿಟ್ಟುಕೊಳ್ಳೋಣ. 400ನ್ನು 500ರಿಂದ ಗುಣಿಸಿ 50ರಿಂದ ಭಾಗಿಸಿದರೆ 4,000. ಆದರೆ ಉತ್ಸಾಹಿಗಳು ಎರಡು ಪಟ್ಟಿಗಳಲ್ಲೂ ಸೇರುವ ಸಂಭವ ಹೆಚ್ಚು. ಆಗ ಸಮಾನವಾದ ಹೆಸರುಗಳು ಹೆಚ್ಚಿ, ಅಂದಾಜು ನಿಜಕ್ಕಿಂತ ಕಡಮೆಯಾಗುತ್ತದೆ. ದೋಷದ ದಿಕ್ಕು ಗೊತ್ತಿರುವುದೇ ಇಲ್ಲಿನ ಲಾಭ. 4,000ವನ್ನು ಕನಿಷ್ಠ ಮಿತಿಯೆಂದು ಗ್ರಹಿಸಬಹುದು.

ಜನರನ್ನೇ ನೇರವಾಗಿ ಕೇಳಬಾರದೇಕೆ ಎಂಬ ಪ್ರಶ್ನೆ ಸಹಜ. ವಾಲ್ವ್ ಸಂಸ್ಥೆಯು 2022ರಿಂದ ಮಾರುತ್ತಿರುವ ಸ್ಟೀಮ್ ಡೆಕ್ ಎಂಬ ಕೈಗಣಕವು ಲಿನಕ್ಸ್ ಆಧಾರಿತವಾದುದು. ವಿಂಡೋಸಿನ ಆಟಗಳನ್ನು ಅದು ಪ್ರೋಟಾನಿನ ಮೂಲಕ ನಡೆಸುತ್ತದೆ. ಅದನ್ನು ಕೊಂಡವನು ವೈನ್ ಎಂಬ ಹೆಸರನ್ನೇ ಕೇಳದಿರಬಹುದು. ತಾನು ಬಳಸುತ್ತಿರುವುದನ್ನು ಅರಿಯದವನು ಪ್ರಶ್ನೆಗೆ ಪ್ರಾಮಾಣಿಕವಾಗಿಯೇ ಇಲ್ಲವೆಂದು ಉತ್ತರಿಸುತ್ತಾನೆ.

ಈ ವಿವೇಚನೆಯಿಂದ ತಿಳಿಯುವುದಿಷ್ಟು. ಒಂದೊಂದು ವಿಧಾನವೂ ಒಂದೊಂದನ್ನು ಎಣಿಸುತ್ತದೆ: ಪ್ರತಿಗಳು, ಯಂತ್ರಗಳು, ಆಟಗಾರರು, ಉತ್ಸಾಹಿಗಳು. ಬಳಕೆದಾರನೆಂದರೆ ಯಾರು, ಎಷ್ಟು ಕಾಲದೊಳಗೆ ಬಳಸಿರಬೇಕು ಎಂಬುದನ್ನು ಮೊದಲು ನಿಶ್ಚಯಿಸದೆ ಹೇಳಿದ ಸಂಖ್ಯೆಗೆ ಅರ್ಥವಿಲ್ಲ. ಮುಚ್ಚುಮರೆಯಿಂದ ವರದಿ ತರಿಸಿಕೊಂಡರೆ ಎಣಿಕೆ ಸುಲಭವಾಗುತ್ತಿತ್ತು. ಆದರೆ ಬಳಕೆದಾರನ ಸ್ವಾತಂತ್ರ್ಯವನ್ನು ಕಾಯಲೆಂದು ಹುಟ್ಟಿದ ತಂತ್ರಾಂಶಕ್ಕೆ ಅದು ಒಪ್ಪುವ ಮಾರ್ಗವಲ್ಲ. ಆದುದರಿಂದ ಅಂದಾಜು ಮಾಡುವವರು ಒಂದೇ ಅಂಕಿಯನ್ನು ಘೋಷಿಸುವ ಬದಲು ಕೆಳಮಿತಿ ಮೇಲ್ಮಿತಿಗಳನ್ನೂ, ದೋಷವು ಯಾವ ಕಡೆಗೆ ವಾಲಿದೆಯೆಂಬುದನ್ನೂ ತಿಳಿಸುವುದು ಯುಕ್ತ. ಲೆಕ್ಕಕ್ಕೆ ಸಿಕ್ಕದವರು ಇಲ್ಲವೇ ಇಲ್ಲ ಎಂಬ ತೀರ್ಮಾನಕ್ಕೆ ಆಗ ಅವಕಾಶವಿರುವುದಿಲ್ಲ.