ಔಷಧಿ ಹೊಡೆಯುವ ಪಂಪು ಕೊಳ್ಳುವ ಮುನ್ನ

ಮೃಗಶಿರ ಮಳೆ ಹತ್ತಿರವಾದಂತೆ ಸಂಘದ ಕಚೇರಿಯಲ್ಲಿ ನಮಗೆ ಎದುರಾಗುವ ಪ್ರಶ್ನೆ ಒಂದೇ: “ಎಷ್ಟು ಅಶ್ವಶಕ್ತಿಯ ಪಂಪು ತರೋಣ?” ಎರಡೆಕರೆ ಅಡಿಕೆ, ಒಂದೆಕರೆ ಕಾಫಿ ಇರುವ ಸದಸ್ಯರು ಸಾಲ ಮಾಡಿ ದೊಡ್ಡ ಪಂಪು ತಂದು, ಎರಡನೆಯ ಮಳೆಗಾಲಕ್ಕೇ ಅದನ್ನು ಕೊಟ್ಟಿಗೆಯ ಮೂಲೆಗೆ ಸೇರಿಸಿದ್ದನ್ನು ಕಂಡಿದ್ದೇವೆ. ಕೊಳೆ ಹಬ್ಬುವ ವಾರದಲ್ಲಿ ಪಂಪು ಕೈಕೊಟ್ಟರೆ ವರ್ಷದ ಫಸಲೇ ಮರದ ಬುಡಕ್ಕೆ ಬೀಳುತ್ತದೆ. ಆದ್ದರಿಂದ ಅಶ್ವಶಕ್ತಿಯ ಮಾತಿಗೆ ಮೊದಲು ಪಂಪಿನ ಹೊಟ್ಟೆಗೆ ಹೋಗುವ ದ್ರವ ಎಂಥದೆಂದು ವಿಚಾರಿಸುವುದು ಯುಕ್ತ.

ಬೋರ್ಡೋ ದ್ರಾವಣವನ್ನು ಫ್ರಾನ್ಸಿನ ಮಿಲಾರ್ಡೆ ಎಂಬ ವಿಜ್ಞಾನಿ 1885ರಲ್ಲಿ ದ್ರಾಕ್ಷಿಯ ರೋಗಕ್ಕೆಂದು ಪ್ರಚುರಪಡಿಸಿದರು. ನಮ್ಮ ಅಡಿಕೆಯ ಕೊಳೆರೋಗದ ಮೂಲವನ್ನು ಶೋಧಿಸಿ 1910ರಲ್ಲಿ ವರದಿ ಪ್ರಕಟಿಸಿದವರು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್. ಶೇಕಡಾ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಕಾಫಿಯ ಎಲೆ ತುಕ್ಕು ರೋಗಕ್ಕೆ ಶೇಕಡಾ ಅರ್ಧದ್ದು ಸಾಕು. ಎರಡನ್ನೂ ಬೇರೆ ಬೇರೆ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತ ಕಲಕಬೇಕು. ಬಳಿಕ ಹೊಳೆಯುವ ಕತ್ತಿಯ ಅಲಗನ್ನು ಅದ್ದಿ ನೋಡುವ ಪದ್ಧತಿ ಎಲ್ಲರಿಗೂ ಗೊತ್ತು. ಅಲಗು ಕೆಂಪಾದರೆ ಸುಣ್ಣ ಸಾಲದು.

ಆ ಕೆಂಪು ಬಣ್ಣವೇ ಪಂಪಿನ ಪಾಠ. ದ್ರಾವಣದಲ್ಲಿ ಉಳಿದ ತಾಮ್ರ ಕಬ್ಬಿಣದ ಮೇಲೆ ಕೂರುತ್ತದೆ, ಅಷ್ಟೇ ಕಬ್ಬಿಣ ಕರಗಿ ನೀರಿಗೆ ಹೋಗುತ್ತದೆ. ಕತ್ತಿಯನ್ನು ನಾವು ಕೂಡಲೇ ಹೊರಗೆ ತೆಗೆಯುತ್ತೇವೆ. ಕಬ್ಬಿಣದ ಪಂಪಾದರೋ ದಿನವಿಡೀ ಅದ್ದಿಕೊಂಡೇ ಇರುತ್ತದೆ! ಹೀಗಾಗಿ ಬಾವಿಗೆ ಹಾಕುವ ಬೀಡುಕಬ್ಬಿಣದ ಪಂಪನ್ನು ಈ ಕೆಲಸಕ್ಕೆ ಹಚ್ಚಬಾರದು. ಅಲ್ಯುಮಿನಿಯಂ ಕೂಡ ಬೇಡ. ದ್ರಾವಣ ತಾಗುವ ಭಾಗಗಳು ಹಿತ್ತಾಳೆ, ತುಕ್ಕು ಹಿಡಿಯದ ಉಕ್ಕು, ಪಿಂಗಾಣಿ ಅಥವಾ ಪ್ಲಾಸ್ಟಿಕ್ಕಿನವಾಗಿರಲಿ. ಅಂಗಡಿಯಲ್ಲಿ ಹೊರಗಿನ ಬಣ್ಣ ನೋಡದೆ ವಾಲ್ವ್ ಬಿಚ್ಚಿ ತೋರಿಸಲು ಹೇಳಿ. ತೋರಿಸಲೊಪ್ಪದವನ ಬಳಿ ಕೊಳ್ಳದಿರುವುದೇ ಕ್ಷೇಮ.

ಪಂಪಿನ ಎರಡನೆಯ ಶತ್ರು ಸುಣ್ಣದೊಳಗಿನ ಗರಸು. ಇದನ್ನು ತಿಳಿಯಲು ಕಲಬುರಗಿ ಜಿಲ್ಲೆಯ ಕಡೆ ಒಮ್ಮೆ ನೋಡಬೇಕು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಸೀಮೆಯ ನೆಲದಡಿ ಸುಣ್ಣದ ಕಲ್ಲು ಪದರ ಪದರವಾಗಿ ಹಾಸಿದೆ. ನಮ್ಮಲ್ಲಿ ಅನೇಕರ ಮನೆಯ ನೆಲಕ್ಕೆ ಹಾಕಿರುವ ಶಹಾಬಾದ್ ಕಲ್ಲು ಇದೇ. ಆ ಕಲ್ಲಿನಲ್ಲಿ ಸುಣ್ಣದ ಜೊತೆ ಜೇಡಿ ಮತ್ತು ಮರಳಿನ ಅಂಶವೂ ಬೆರೆತಿದೆ. ಸಿಮೆಂಟಿಗೆ ಅವೆಲ್ಲವೂ ಬೇಕಾದ್ದರಿಂದಲೇ ವಾಡಿ, ಸೇಡಂ ಕಡೆ ಸಿಮೆಂಟ್ ಕಾರ್ಖಾನೆಗಳು ನೆಲೆಯೂರಿದವು. ಆದರೆ ಸಿಮೆಂಟಿಗೆ ಗುಣವಾದದ್ದು ನಮ್ಮ ಪಂಪಿಗೆ ದೋಷ. ಇಂಥ ಕಲ್ಲನ್ನು ಸುಟ್ಟ ಸುಣ್ಣದಲ್ಲಿ ಅರಳದ ಹರಳು ಉಳಿಯುತ್ತದೆ, ಅದು ವಾಷರನ್ನೂ ನೋಜಲಿನ ಕಣ್ಣನ್ನೂ ಅರದಂತೆ ಉಜ್ಜುತ್ತದೆ. ಮಣ್ಣಿನ ಹುಳಿ ಕಳೆಯಲು ಮಾರುವ ಸುಣ್ಣಕಲ್ಲಿನ ಪುಡಿಯಂತೂ ಸುಡದ ಕಲ್ಲು. ಅದು ಮೈಲುತುತ್ತದ ಹುಳಿಯನ್ನು ಸರಿಯಾಗಿ ಮುರಿಯದು, ಪಂಪನ್ನೂ ತಿನ್ನುತ್ತದೆ. ಗಾಳಿಗೆ ಬಿಟ್ಟ ಹಳೆಯ ಸುಣ್ಣ ಕೂಡ ಮೆಲ್ಲಗೆ ಮತ್ತೆ ಕಲ್ಲಿನ ಗುಣಕ್ಕೇ ತಿರುಗುತ್ತದೆ. ಹೊಸದಾಗಿ ಸುಟ್ಟ ಬಿಳಿ ಸುಣ್ಣವನ್ನೋ ಚಿಪ್ಪಿನ ಸುಣ್ಣವನ್ನೋ ತಂದು, ಅರಳಿಸಿ, ತೆಳು ಬಟ್ಟೆಯಲ್ಲಿ ಸೋಸಿ. ನಾಲ್ಕಾಣೆ ಬಟ್ಟೆಯ ಲೋಭದಿಂದ ಪಂಪು ಕೆಡಿಸಿಕೊಂಡವರು ಬಹಳ.

ಇನ್ನು ಒತ್ತಡ. ಹತ್ತು ಮೀಟರ್ ಎತ್ತರಕ್ಕೆ ನೀರೇರಿಸಲು ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋ ಒತ್ತಡ ಖರ್ಚು. ಬೆನ್ನಿನ ಪಂಪು ಕೊಡುವುದು ಸುಮಾರು 3 ಕಿಲೋ. ಕಾಫಿ ಗಿಡಕ್ಕೆ ಅದು ಒಪ್ಪುತ್ತದೆ. 15 ಮೀಟರಿನ ಅಡಿಕೆ ಮರದಲ್ಲಿ ಅರ್ಧ ಒತ್ತಡ ಏರುವುದರಲ್ಲೇ ಮುಗಿದು, ಪೈಪಿನ ಉದ್ದಕ್ಕೂ ಕೊಂಚ ಸವೆದು, ಗೊನೆಗೆ ಮಂಜಿನ ಬದಲು ಹನಿ ಬೀಳುತ್ತದೆ. ಕೈಯಿಂದ ಒತ್ತುವ ರಾಕಿಂಗ್ ಪಂಪು 14ರಿಂದ 18 ಕಿಲೋ ಕೊಡಬಲ್ಲದು. ಒಂದೆಕರೆಯವರು ಅದನ್ನು ಹಳೆಯದೆಂದು ತಿರಸ್ಕರಿಸಬೇಕಾಗಿಲ್ಲ.

ಅದಕ್ಕಿಂತ ಹೆಚ್ಚು ತೋಟ ಇರುವವರಿಗೆ ಮೂರು ದಂಡದ ಎಚ್‌ಟಿಪಿ ಪಂಪು ಸರಿ. ಅಶ್ವಶಕ್ತಿಯ ಲೆಕ್ಕ ಹೀಗೆ: ಎರಡು ಗನ್ನಿಗೆ ನಿಮಿಷಕ್ಕೆ 10 ಲೀಟರ್, ಡ್ರಮ್ಮಿಗೆ ಮರಳಿ ಬಂದು ದ್ರಾವಣ ಕಲಕಲು ಇನ್ನು 10 ಲೀಟರ್ ಎನ್ನೋಣ. ಒಟ್ಟು 20, ಅಂದರೆ ಸೆಕೆಂಡಿಗೆ ಲೀಟರಿನ ಮೂರನೆಯ ಒಂದು ಪಾಲು. 20 ಕಿಲೋ ಒತ್ತಡವೆಂದರೆ 200 ಮೀಟರ್ ಎತ್ತರಕ್ಕೆ ಸಮ. ಎರಡನ್ನೂ ಗುಣಿಸಿ 75ರಿಂದ ಭಾಗಿಸಿದರೆ 0.9 ಆಗುತ್ತದೆ. ಘರ್ಷಣೆಯ ನಷ್ಟ ಸೇರಿಸಿದರೂ 2 ಅಶ್ವಶಕ್ತಿ ಧಾರಾಳ. ಐದು, ಆರು ಎನ್ನುವುದು ಮಾರುವವರ ಲೆಕ್ಕ. ಮರಳಿ ಬರುವ ಪೈಪು ಮಾತ್ರ ಕಡ್ಡಾಯ. ಕಲಕದಿದ್ದರೆ ಔಷಧಿ ತಳಕ್ಕಿಳಿದು, ಮೊದಲ ಮರಗಳಿಗೆ ಗಸಿ, ಕೊನೆಯವಕ್ಕೆ ಬರಿ ನೀರು.

ಒತ್ತಡ ಹೆಚ್ಚಿದಷ್ಟೂ ಗನ್ನು ಹಿಂದಕ್ಕೆ ಒದೆಯುತ್ತದೆ. ನೆಲದಲ್ಲಿ ನಿಂತು ಕಾರ್ಬನ್ ಫೈಬರ್ ದೋಟಿಯಲ್ಲಿ ಹೊಡೆಯುವವರಿಗೆ ಅದು ಬರಿ ಕೈನೋವು, ಮರದ ಮೇಲಿರುವ ಕೊನೆಗಾರನಿಗೆ ಪ್ರಾಣದ ಪ್ರಶ್ನೆ. ಅವನು ಮೇಲಿರುವಾಗ ಒತ್ತಡದ ತಿರುಪನ್ನು ಏರಿಸಕೂಡದು, ಇಂಜಿನ್ನಿನ ಬಳಿ ಒಬ್ಬರು ನಿಂತೇ ಇರಬೇಕು.

ಕಲಸಿದ್ದನ್ನು ಅಂದೇ ಮುಗಿಸಿ. ಸಂಜೆ ಪಂಪನ್ನು ಒಣಗಲು ಬಿಡದೆ, ತಿಳಿನೀರು ಹೀರಿಸಿ, ನೋಜಲಿನಿಂದ ಬಿಳಿ ಹೋಗಿ ಶುದ್ಧ ನೀರು ಬರುವವರೆಗೆ ಓಡಿಸಬೇಕು. ಎರಡನೆಯ ಸಿಂಪಡಣೆ 40-45 ದಿನಕ್ಕೆ ಬರುತ್ತದೆ. ಅಷ್ಟರೊಳಗೆ ಒಂದು ಜೊತೆ ವಾಷರು, ಒಂದು ವಾಲ್ವು ತಂದು ಮನೆಯಲ್ಲಿಟ್ಟುಕೊಳ್ಳಿ. ಆಶ್ಲೇಷಾ ಮಳೆಯಲ್ಲಿ ಪೇಟೆಗೆ ಓಡಿದರೆ ಅಂಗಡಿಯಲ್ಲಿ ಅದೇ ಇರುವುದಿಲ್ಲ.