ಉಪಗ್ರಹಕ್ಕೆ ದಾರಿ ಗೊತ್ತಿಲ್ಲ

2016ರ ಫೆಬ್ರುವರಿ. ಐಸ್‌ಲ್ಯಾಂಡಿನ ಕೆಫ್ಲಾವಿಕ್ ವಿಮಾನ ನಿಲ್ದಾಣದಲ್ಲಿ ಇಳಿದ ಅಮೆರಿಕದ ಪ್ರವಾಸಿಯೊಬ್ಬ ಬಾಡಿಗೆ ಕಾರು ಹತ್ತಿ, ರಾಜಧಾನಿ ರೇಕ್ಯಾವಿಕ್‌ನಲ್ಲಿದ್ದ ಹೋಟೆಲಿನ ವಿಳಾಸವನ್ನು ನ್ಯಾವಿಗೇಶನ್ ಸಾಧನಕ್ಕೆ ಕೊಟ್ಟು ಹೊರಟ. ಮುಕ್ಕಾಲು ಗಂಟೆಯ ದಾರಿ. ಆದರೆ ಬೀದಿಯ ಹೆಸರಿನಲ್ಲಿ ‘ಆರ್’ ಅಕ್ಷರ ಒಂದು ಹೆಚ್ಚಾಗಿ ಸೇರಿಕೊಂಡಿತ್ತು. ಆ ಹೆಸರಿನ ಬೀದಿ ಇದ್ದದ್ದು ಉತ್ತರ ಕರಾವಳಿಯ ಸಿಗ್ಲುಫ್ಯೋರ್ದುರ್ ಎಂಬ ಮೀನುಗಾರರ ಊರಿನಲ್ಲಿ. ಹಿಮ ಬಿದ್ದ ರಸ್ತೆಯಲ್ಲಿ ಸುಮಾರು 400 ಕಿ.ಮೀ. ಓಡಿಸಿ, ಯಾರದೋ ಮನೆಯ ಬಾಗಿಲು ತಟ್ಟಿದ ಮೇಲಷ್ಟೇ ಅವನಿಗೆ ತಾನು ಎಲ್ಲಿದ್ದೇನೆಂದು ಗೊತ್ತಾದದ್ದು.

ಅವನ ಕಥೆ ಸುಖಾಂತವಾಯಿತು. ಎಲ್ಲರಿಗೂ ಹಾಗಾಗುವುದಿಲ್ಲ. 2012ರ ಡಿಸೆಂಬರಿನಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾ ಪೊಲೀಸರು ಆಪಲ್ ಮ್ಯಾಪ್ಸ್ ಬಗ್ಗೆ ಬಹಿರಂಗ ಎಚ್ಚರಿಕೆ ಕೊಡಬೇಕಾಯಿತು. ಮಿಲ್ಡುರಾ ಪಟ್ಟಣವನ್ನು ಅದು ಸುಮಾರು 70 ಕಿ.ಮೀ. ಆಚೆ, ನೀರಿನ ಆಸರೆಯೇ ಇಲ್ಲದ ರಾಷ್ಟ್ರೀಯ ಉದ್ಯಾನದ ನಡುವೆ ತೋರಿಸುತ್ತಿತ್ತು. ಬೇಸಿಗೆಯಲ್ಲಿ ಅಲ್ಲಿನ ಬಿಸಿಲು 46 ಡಿಗ್ರಿ ಮುಟ್ಟುತ್ತದೆ. ದಾರಿ ತಪ್ಪಿದವರಲ್ಲಿ ಕೆಲವರು ಅನ್ನ ನೀರಿಲ್ಲದೆ ಇಡೀ ದಿನ ಸಿಕ್ಕಿಬಿದ್ದಿದ್ದರು. ಆ ತಪ್ಪನ್ನು ನಂತರ ತಿದ್ದಲಾಯಿತು.

ಎರಡೂ ಪ್ರಸಂಗಗಳಲ್ಲಿ ಉಪಗ್ರಹದ ತಪ್ಪು ಏನೂ ಇಲ್ಲ. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಿಂದ ಸಮಯವನ್ನೂ ತಮ್ಮ ಸ್ಥಾನವನ್ನೂ ಸಾರುತ್ತಿರುತ್ತವೆ, ಅಷ್ಟೇ. ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ಸಿಕ್ಕರೆ ನಾವು ನಿಂತ ಜಾಗವನ್ನು ಫೋನೇ ಲೆಕ್ಕ ಹಾಕುತ್ತದೆ. ಯುರೋಪಿನ ಗೆಲಿಲಿಯೊ, ರಷ್ಯಾದ ಗ್ಲೊನಾಸ್, ಚೀನಾದ ಬೈಡೂ ಮಾಡುವುದೂ ಇದನ್ನೇ. ಬೆಂಗಳೂರಿನ ಬಳಿಯ ಬ್ಯಾಲಾಳು ಕೇಂದ್ರ ನಿಭಾಯಿಸುವ ನಮ್ಮ ನಾವಿಕ್‌ನ ವ್ಯಾಪ್ತಿ ಭಾರತ ಮತ್ತು ಸುತ್ತಲಿನ 1,500 ಕಿ.ಮೀ.; ಯುರೋಪಿಗೆ ಹೋದವರಿಗೆ ಅದು ಒದಗುವುದಿಲ್ಲ. ರಸ್ತೆ ಎಲ್ಲಿದೆ, ಯಾವುದು ಏಕಮುಖ, ಯಾವುದು ಮುಚ್ಚಿದೆ ಎಂಬುದನ್ನೆಲ್ಲ ಹೇಳುವುದು ಮನುಷ್ಯರು ಮಾಡಿದ ನಕ್ಷೆ. ಆದ್ದರಿಂದ ಪರದೇಶದಲ್ಲಿ ಸ್ಟೇರಿಂಗ್ ಹಿಡಿಯುವವರು ಕೇಳಬೇಕಾದ ಪ್ರಶ್ನೆ ಒಂದೇ: ಈ ನಕ್ಷೆ ಯಾರದು, ಯಾವಾಗಿನದು?

ಊರಿಗೊಂದು ನಕ್ಷೆ

ಎಲ್ಲ ದೇಶಕ್ಕೂ ಒಂದೇ ಆ್ಯಪ್ ಸಾಲದು. ಭದ್ರತೆಯ ಕಾರಣ ಕೊಟ್ಟು ದಕ್ಷಿಣ ಕೊರಿಯಾ ಸರ್ಕಾರ ವಿವರವಾದ ನಕ್ಷೆಯ ದತ್ತಾಂಶವನ್ನು ಹೊರಗೆ ಒಯ್ಯಲು ಗೂಗಲ್‌ಗೆ 2007ರಲ್ಲೂ 2016ರಲ್ಲೂ ಅನುಮತಿ ಕೊಡಲಿಲ್ಲ. ಹಾಗಾಗಿ ಅಲ್ಲಿ ಕಾರು ಓಡಿಸುವವರು ನೆಚ್ಚಿಕೊಂಡದ್ದು ಸ್ಥಳೀಯ ಆ್ಯಪ್‌ಗಳಾದ ನೇವರ್, ಕಾಕಾವೊಗಳನ್ನು. ಜಪಾನಿನ ಬಾಡಿಗೆ ಕಾರುಗಳ ನ್ಯಾವಿಗೇಶನ್‌ನಲ್ಲಿ ವಿಳಾಸದ ಬದಲು ಹೋಟೆಲಿನ ದೂರವಾಣಿ ಸಂಖ್ಯೆಯನ್ನೋ ‘ಮ್ಯಾಪ್‌ಕೋಡ್’ ಎಂಬ ಅಂಕಿಗಳನ್ನೋ ಒತ್ತಿದರೆ ಸಾಕು. ಆ ಭಾಷೆ ಬಾರದವರಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ.

2004ರಲ್ಲಿ ಬ್ರಿಟನ್ನಿನಲ್ಲಿ ಶುರುವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಅನ್ನು ಸ್ವಯಂಸೇವಕರು ಕಟ್ಟಿ ಬೆಳೆಸಿದ್ದಾರೆ. ಯುರೋಪಿನ ಬಹುಭಾಗದಲ್ಲಿ ಅದರ ವಿವರ ಅಚ್ಚರಿ ಹುಟ್ಟಿಸುವಷ್ಟಿದೆ. ಆರ್ಗ್ಯಾನಿಕ್ ಮ್ಯಾಪ್ಸ್, ಆಸ್ಮ್ಯಾಂಡ್ ಆ್ಯಪ್‌ಗಳು ಅದನ್ನೇ ಬಳಸುತ್ತವೆ. ದೇಶ ಅಥವಾ ಪ್ರಾಂತ್ಯದ ನಕ್ಷೆಯನ್ನು ಮನೆಯ ವೈಫೈನಲ್ಲೇ ಇಳಿಸಿಕೊಂಡು ಹೊರಡಬಹುದು. ರೋಮಿಂಗ್ ಇಲ್ಲದಿದ್ದರೆ ಜಿಪಿಎಸ್ ಕೆಲಸ ಮಾಡುವುದಿಲ್ಲ ಎಂಬ ಭಯ ಬೇಡ. ಉಪಗ್ರಹದ ಸಂಕೇತಕ್ಕೆ ಸಿಮ್ ಬೇಕಿಲ್ಲ, ಮೊದಲ ಸಲ ಜಾಗ ಗುರುತಿಸಲು ತುಸು ಹೆಚ್ಚು ಹೊತ್ತು ಹಿಡಿಯಬಹುದು, ಅಷ್ಟೇ. ಆದರೆ ಇಳಿಸಿಕೊಂಡ ನಕ್ಷೆಗೆ ಇವತ್ತಿನ ಟ್ರಾಫಿಕ್ಕೂ ತಿಳಿಯದು, ಬೆಳಿಗ್ಗೆ ಮುಚ್ಚಿದ ರಸ್ತೆಯೂ ತಿಳಿಯದು. ಬಾಡಿಗೆ ಕಾರಿನಲ್ಲೇ ಕೂರಿಸಿದ ನ್ಯಾವಿಗೇಶನ್ ಇದ್ದರೆ ಅದರ ನಕ್ಷೆ ಎಂದು ನವೀಕರಣಗೊಂಡಿದೆ ಎಂದು ಕೀಲಿಕೈ ಪಡೆಯುವಾಗಲೇ ಕೇಳಿ.

ಫ್ಲಾರೆನ್ಸಿನ ಕೆಂಪು ವೃತ್ತ

ಇಟಲಿಗೆ ಹೋಗುವವರಿಗೆ ಒಂದು ಮಾತು ಒತ್ತಿ ಹೇಳಬೇಕು. ಫ್ಲಾರೆನ್ಸ್, ರೋಮ್, ಪೀಸಾದಂಥ ಊರುಗಳ ಹಳೆಯ ಪೇಟೆಗೆ ನಿಗದಿತ ಹೊತ್ತಿನಲ್ಲಿ ಹೊರಗಿನ ವಾಹನಗಳಿಗೆ ಪ್ರವೇಶವಿಲ್ಲ. ಇದನ್ನು ಜೆಡ್‌ಟಿಎಲ್ ವಲಯ ಎನ್ನುತ್ತಾರೆ. ಬೀದಿಯ ಬಾಯಲ್ಲಿ ಕೆಂಪು ಅಂಚಿನ ಬಿಳಿ ವೃತ್ತದ ಫಲಕ, ಕೆಳಗೆ ಇಟಾಲಿಯನ್ನಿನಲ್ಲಿ ವೇಳಾಪಟ್ಟಿ, ಹಲವು ಕಡೆ ಪಕ್ಕದಲ್ಲೊಂದು ದೀಪದ ಬೋರ್ಡು. ಅದರಲ್ಲಿ ‘ವಾರ್ಕೊ ಅತ್ತೀವೊ’ ಎಂದಿದ್ದರೆ ಒಳಗೆ ಹೋಗುವ ಹಾಗಿಲ್ಲ. ‘ನಾನ್ ಅತ್ತೀವೊ’ ಎಂದಿದ್ದರೆ ಹೋಗಬಹುದು. ನಕ್ಷೆ ಮಾತ್ರ ಎಷ್ಟೋ ಸಲ ಆ ಗಲ್ಲಿಯೇ ಹತ್ತಿರದ ದಾರಿ ಎಂದು ತೋರಿಸುತ್ತದೆ. ಅಲ್ಲಿ ಪೊಲೀಸ್ ಇರುವುದಿಲ್ಲ, ಕ್ಯಾಮೆರಾ ಇರುತ್ತದೆ. ದಾಟಿದರೆ ದಂಡ ಬೀಳಬಹುದು, ಬಾಡಿಗೆ ಕಂಪನಿ ನಿಮ್ಮ ವಿವರ ಒದಗಿಸಿದ್ದಕ್ಕೆ ಬೇರೆ ಶುಲ್ಕ ಹಾಕುತ್ತದೆ. ಪರದೇಶದವರಿಗೆ ನೋಟಿಸ್ ಕಳಿಸಲು ಅಲ್ಲಿನ ಕಾನೂನು 360 ದಿನ ಕೊಟ್ಟಿರುವುದರಿಂದ, ಪ್ರವಾಸ ಮರೆತೇಹೋದ ಮೇಲೆ ಮೈಸೂರಿನ ಮನೆಗೆ ಲಕೋಟೆ ಬಂದೀತು. ಹೋಟೆಲ್ ವಲಯದೊಳಗಿದ್ದರೆ ಕಾರಿನ ಸಂಖ್ಯೆಯನ್ನು ಮೊದಲೇ ತಿಳಿಸಿ ನೋಂದಾಯಿಸಲು ಹೇಳಿ. ಇಲ್ಲವೇ ಕಾರನ್ನು ಹೊರಗೇ ನಿಲ್ಲಿಸಿ ಟ್ರಾಮ್ ಹತ್ತಿ.

ಕಾನೂನಿನ ಇನ್ನೊಂದು ಮಗ್ಗುಲೂ ಇದೆ. ವೇಗದ ಕ್ಯಾಮೆರಾ ಎಲ್ಲಿದೆಯೆಂದು ಮುನ್ಸೂಚನೆ ಕೊಡುವ ಸೌಲಭ್ಯವನ್ನು ಸ್ವಿಟ್ಜರ್ಲೆಂಡ್, ಜರ್ಮನಿಗಳಲ್ಲಿ ಚಾಲಕ ಬಳಸುವಂತಿಲ್ಲ. ಗಡಿ ದಾಟುವ ಮೊದಲೇ ಅದನ್ನು ಆರಿಸಿಬಿಡಿ.

ಹೊರಡುವ ಮುನ್ನ

ವಿಳಾಸದ ತಪ್ಪೇ ದೊಡ್ಡ ಅಪಾಯ. 2009ರಲ್ಲಿ ಸ್ವೀಡನ್ನಿನ ದಂಪತಿ ಕಾಪ್ರಿ ದ್ವೀಪಕ್ಕೆಂದು ಹೊರಟು, ಅಕ್ಷರ ಹಿಂದುಮುಂದಾಗಿ ಉತ್ತರ ಇಟಲಿಯ ಕಾರ್ಪಿ ಪಟ್ಟಣ ಸೇರಿದ್ದರು. ಹೋಟೆಲ್ ಇರುವ ಜಾಗಕ್ಕೆ ಮನೆಯಲ್ಲೇ ಪಿನ್ ಹಾಕಿ ಉಳಿಸಿಟ್ಟುಕೊಳ್ಳಿ, ಪಿನ್‌ಕೋಡ್ ತಾಳೆ ನೋಡಿ. ಹೊರಡುವ ಮೊದಲು ಒಟ್ಟು ದೂರವನ್ನೂ ಇಡೀ ದಾರಿಯನ್ನೂ ಒಮ್ಮೆ ಕಣ್ಣಿಟ್ಟು ನೋಡಿ. ಮುಕ್ಕಾಲು ಗಂಟೆಯ ದಾರಿಗೆ ಐದು ಗಂಟೆ ತೋರಿಸುತ್ತಿದ್ದರೆ ಅಲ್ಲೇ ನಿಲ್ಲಿ.

ಜನವಸತಿ ಕಡಿಮೆ ಇರುವ ಕಡೆ ಸ್ಥಳೀಯ ಸರ್ಕಾರದ ಮಾಹಿತಿಯೇ ಆಧಾರ. ಐಸ್‌ಲ್ಯಾಂಡಿನ ಒಳನಾಡಿನಲ್ಲಿ ‘ಎಫ್’ ಎಂದು ಶುರುವಾಗುವ ರಸ್ತೆಗಳು ಬೇಸಿಗೆಯಲ್ಲಿ ಮಾತ್ರ ತೆರೆದಿರುತ್ತವೆ. ಸೇತುವೆಯಿಲ್ಲದ ಹೊಳೆಗಳನ್ನು ದಾಟಬೇಕು, ನಾಲ್ಕೂ ಚಕ್ರಕ್ಕೆ ಬಲವಿರುವ ವಾಹನವೇ ಆಗಬೇಕು. ಫೋನಿನ ನಕ್ಷೆಯಲ್ಲಿ ಅದೂ ಒಂದು ಗೆರೆ, ಹೆದ್ದಾರಿಯೂ ಒಂದು ಗೆರೆ. ಅಲ್ಲಿನ ರಸ್ತೆ ಇಲಾಖೆಯ ರಸ್ತೆ ಸ್ಥಿತಿ ನಕ್ಷೆಯನ್ನು ನೋಡದೆ ಹೊರಡಬಾರದು. ಇಂಥ ಕಡೆ ಕಾಗದದ ನಕ್ಷೆಯೂ ಜೊತೆಗಿರಲಿ, ಬ್ಯಾಟರಿ ಮುಗಿದಾಗ ಅದೊಂದೇ ಗತಿ.

ಎಡಬದಿಯಲ್ಲಿ ಓಡಿಸಿ ರೂಢಿಯಾದ ನಮಗೆ ಬಲಬದಿಯ ದೇಶಗಳಲ್ಲಿ ರಸ್ತೆಯೇ ಸಾಕಷ್ಟು ಕೆಲಸ ಕೊಡುತ್ತದೆ. ಫೋನನ್ನು ಪಕ್ಕದಲ್ಲಿ ಕೂತವರ ಕೈಗೆ ಕೊಡಿ, ತಿರುವನ್ನು ಅವರೇ ಮೊದಲೇ ಹೇಳಲಿ. ಫೋನ್ ಒಂದು ಹೇಳಿ ರಸ್ತೆ ಬದಿಯ ಫಲಕ ಇನ್ನೊಂದು ಹೇಳಿದರೆ ಫಲಕದ ಮಾತು ಕೇಳಿ. ಅದನ್ನು ನೆಟ್ಟವರು ಆ ರಸ್ತೆಯನ್ನು ಕಂಡವರು.