ಎರಡನೆಯ ಭಯ

ಗಂಟೆಗಟ್ಟಲೆ, ದಿನಗಟ್ಟಲೆ ಬಿಡದೆ ಕಾಡುವ ಗಾಬರಿಯ ಗುಟ್ಟು ಬಿಡಿಸಿದವರಲ್ಲಿ ಒಬ್ಬಾಕೆ ಹಲ್ಲಿಗಳನ್ನು ಅಧ್ಯಯನ ಮಾಡುತ್ತಿದ್ದ ಪ್ರಾಣಿಶಾಸ್ತ್ರಜ್ಞೆ. 1903ರಲ್ಲಿ ಸಿಡ್ನಿಯಲ್ಲಿ ಹುಟ್ಟಿದ ಕ್ಲೇರ್ ವೀಕ್ಸ್, ನಮ್ಮ ಹಾವುರಾಣಿಯ ಬಳಗದ, ಮೊಟ್ಟೆಯಿಡದೆ ಮರಿ ಹಾಕುವ ಹಲ್ಲಿಗಳಲ್ಲಿ ಮಾಸು ಹೇಗೆ ಬೆಳೆಯುತ್ತದೆಂದು ಶೋಧಿಸುತ್ತಿದ್ದರು. ಸಿಡ್ನಿ ವಿಶ್ವವಿದ್ಯಾಲಯದಿಂದ ಡಾಕ್ಟರ್ ಆಫ್ ಸೈನ್ಸ್ ಪಡೆದ ಮೊದಲ ಮಹಿಳೆ ಅವರು.

ಇಪ್ಪತ್ತರ ಹರೆಯದಲ್ಲಿ ಗಂಟಲಿನ ಸೋಂಕು ಹತ್ತಿತು, ಮೈ ಇಳಿಯಿತು. ವೈದ್ಯರು ಕ್ಷಯ ಎಂದರು. ಕ್ಷಯಕ್ಕೆ ಇನ್ನೂ ಮದ್ದು ಸಿಕ್ಕಿರದ ಕಾಲ. ಸ್ಯಾನಿಟೋರಿಯಂನಲ್ಲಿ ಮಲಗಿ ತಿಂಗಳುಗಟ್ಟಲೆ ಸಾವಿನ ಯೋಚನೆಯಲ್ಲೇ ಕಳೆದರು. ಆಮೇಲೆ ನೋಡಿದರೆ ಕ್ಷಯವೇ ಅಲ್ಲ. ಆದರೆ ಅಷ್ಟರಲ್ಲಿ ಎದೆ ಹೊಡೆದುಕೊಳ್ಳುವುದು ಶುರುವಾಗಿತ್ತು. ಕಾಯಿಲೆಯಿಲ್ಲವೆಂದು ತಿಳಿದ ಮೇಲೂ ಅದು ನಿಲ್ಲಲಿಲ್ಲ. ಹೃದಯದ ಮೇಲೆ ಸದಾ ಕಿವಿಯಿಟ್ಟು ಕೂತವರಿಗೆ ಒಂದೊಂದು ಬಡಿತವೂ ಕೊನೆಯದೆಂದೇ ಅನಿಸುತ್ತದೆ.

ಸಂಶೋಧನೆಗೆಂದು ಲಂಡನ್ನಿಗೆ ಹೋದಾಗ ಈ ಅವಸ್ಥೆಯೂ ಜೊತೆಗೆ ಹೋಯಿತು. ಅಲ್ಲಿ ಗೆಳೆಯ ಮಾರ್ಸೆಲ್ ಔರೂಸೋ ಮುಂದೆ ಅದನ್ನೆಲ್ಲ ಹೇಳಿಕೊಂಡರು. ಆತ ಭೂಗೋಳಶಾಸ್ತ್ರಜ್ಞ, ಮೊದಲ ಮಹಾಯುದ್ಧದಲ್ಲಿ ಕಾದಾಡಿ ಬಂದವನು. ಕೇಳಿ ಅವನಿಗೆ ಆಶ್ಚರ್ಯವೇ ಆಗಲಿಲ್ಲ. ಕಂದಕಗಳಲ್ಲಿ ಸೈನಿಕರಿಗೂ ಹೀಗೇ ಆಗುತ್ತಿತ್ತು. ನಿನ್ನ ಹೃದಯ ಓಡುತ್ತಿರುವುದು ಅದರ ಓಟಕ್ಕೇ ನೀನು ಹೆದರುತ್ತಿರುವುದರಿಂದ ಎಂಬರ್ಥದ ಮಾತು ಹೇಳಿದ. ವೈದ್ಯರಿಂದ ಸಿಗದ ಉತ್ತರ ಆ ಸೈನಿಕನಿಂದ ಸಿಕ್ಕಿತು. ಇದು ನನಗೆ ಬಹಳ ಮುಖ್ಯವೆನಿಸುತ್ತದೆ: ಈ ತಿಳಿವು ಹೊರಟದ್ದು ಅನುಭವಿಸಿದವರಿಂದ, ಮುಟ್ಟಿದ್ದೂ ಅನುಭವಿಸುತ್ತಿದ್ದವರನ್ನು.

ವೀಕ್ಸ್ ಆ ಮಾತನ್ನು ವಿಜ್ಞಾನಿಯಂತೆ ಬಿಡಿಸಿ ನೋಡಿದರು. ಮೊದಲು ಬರುವ ಭಯ ತಾನಾಗಿ ಬರುತ್ತದೆ. ಅಡ್ರಿನಲಿನ್ ನುಗ್ಗುತ್ತದೆ, ಎದೆ ಬಡಿಯುತ್ತದೆ, ಕೈ ನಡುಗುತ್ತದೆ, ಉಸಿರು ಮೇಲಾಗುತ್ತದೆ. ಸುಮ್ಮನೆ ಬಿಟ್ಟರೆ ಆ ಅಲೆ ಇಳಿಯುತ್ತದೆ. ಆದರೆ ಅಷ್ಟರಲ್ಲೇ ಎರಡನೆಯ ಭಯ ಬಂದು ಕೂರುತ್ತದೆ: ಅಯ್ಯೋ ಏನಾಗುತ್ತಿದೆ, ಸಾಯುತ್ತೇನೇನೋ, ಹುಚ್ಚು ಹಿಡಿಯುತ್ತದೇನೋ! ದೇಹ ಅದಕ್ಕೂ ಅಡ್ರಿನಲಿನ್ನನ್ನೇ ಸುರಿಸುತ್ತದೆ. ಗಾಬರಿ ದೀರ್ಘವಾಗುವುದು ಈ ಸುತ್ತಿನಿಂದ.

ಮುಂದೆ ವೈದ್ಯಶಾಸ್ತ್ರ ಓದಿ 1945ರಲ್ಲಿ ಪದವಿ ಪಡೆದ ವೀಕ್ಸ್, ಸಿಡ್ನಿಯಲ್ಲಿ ರೋಗಿಗಳಿಗೆ ಇದನ್ನೇ ಹೇಳತೊಡಗಿದರು. ಮೊದಲು ವೈದ್ಯರಿಂದ ಪರೀಕ್ಷೆ ಮಾಡಿಸಿಕೊಳ್ಳಿ ಎನ್ನುವುದನ್ನು ಮಾತ್ರ ಬಿಡುತ್ತಿರಲಿಲ್ಲ. 1962ರಲ್ಲಿ ಬಂದ ಅವರ ಪುಸ್ತಕದ ಸಾರ ನಾಲ್ಕೇ ಮಾತು: ಎದುರಾಗು, ಒಪ್ಪಿಕೋ, ತೇಲು, ಕಾಲ ಸರಿಯಲು ಬಿಡು. ಕಷ್ಟವಿರುವುದು ಒಪ್ಪಿಕೊಳ್ಳುವುದರಲ್ಲಿ. ಹಲ್ಲು ಕಚ್ಚಿ ಸಹಿಸುತ್ತಾ, ಹೋಯಿತೇ ಇನ್ನೂ ಇದೆಯೇ ಎಂದು ನಿಮಿಷಕ್ಕೊಮ್ಮೆ ಒಳಗೆ ಇಣುಕಿದರೆ ಅದು ಒಪ್ಪಿಗೆಯಲ್ಲ, ಕಾವಲು. ಬಾವಿಯಲ್ಲಿ ಈಜು ಕಲಿಯುವವನು ಕೈಕಾಲು ಬಡಿದಷ್ಟೂ ಮುಳುಗುತ್ತಾನೆ, ಮೈ ಸಡಿಲ ಬಿಟ್ಟಾಗ ನೀರೇ ಎತ್ತಿಹಿಡಿಯುತ್ತದೆ. ಅವರು ಕೇಳಿದ್ದು ಆ ಸಡಿಲ. ನಡುಗುವ ಕೈಯಲ್ಲೇ ತರಕಾರಿ ಹೆಚ್ಚು, ಬಡಿಯುವ ಎದೆಯಲ್ಲೇ ಬಸ್ಸು ಹತ್ತು. ನಡುಕ ನಿಲ್ಲಲೇಬೇಕು ಎಂಬ ಷರತ್ತು ಬೇಡ.

ಮನೋವಿಶ್ಲೇಷಣೆಯ ಪ್ರಭಾವ ಬಲವಾಗಿದ್ದ ಆ ದಿನಗಳಲ್ಲಿ ತಜ್ಞರಲ್ಲಿ ಹಲವರಿಗೆ ಇದು ತೀರಾ ಸರಳವೆನಿಸಿತು. ಆದರೆ ಮನೆ ಬಿಟ್ಟು ಹೊರಬರಲಾಗದವರಿಗೆ ಪುಸ್ತಕ ತಲುಪಿತು, ಅವರ ದನಿಯ ಧ್ವನಿಮುದ್ರಿಕೆಗಳೂ ತಲುಪಿದವು. ಹೀಗೆ ದೂರದಿಂದಲೇ ನೆರವು ಪಡೆದ 500ಕ್ಕೂ ಹೆಚ್ಚು ಜನರ ವಿವರಗಳನ್ನು 1973ರಲ್ಲಿ ಅವರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದರು. 1986ರಲ್ಲಿ ಆಕ್ಸ್‌ಫರ್ಡಿನ ಮನಶ್ಶಾಸ್ತ್ರಜ್ಞ ಡೇವಿಡ್ ಕ್ಲಾರ್ಕ್, ದೇಹದ ಸಹಜ ಸಂವೇದನೆಗಳನ್ನು ಅಪಾಯವೆಂದು ತಪ್ಪಾಗಿ ಓದಿಕೊಳ್ಳುವುದೇ ಪ್ಯಾನಿಕ್‌ನ ಸುಳಿಗೆ ಕಾರಣವೆಂಬ ಸಿದ್ಧಾಂತ ಮಂಡಿಸಿದರು. ಇಂದಿನ ಅರಿವಿನ ವರ್ತನಾ ಚಿಕಿತ್ಸೆಯಲ್ಲಿ ಅದಕ್ಕೆ ದೊಡ್ಡ ಸ್ಥಾನವಿದೆ. ಸೈನಿಕ ಹೇಳಿದ ಮಾತಿಗೂ ಇದಕ್ಕೂ ಹತ್ತಿರದ ನೆಂಟು.

ಗುಣವಾದ ಮೇಲೂ ಗಾಬರಿ ಮರಳಬಹುದು, ಅದು ಸೋಲಲ್ಲ ಎಂದು ವೀಕ್ಸ್ ಮತ್ತೆಮತ್ತೆ ಬರೆದರು. ವಯಸ್ಸಾದ ಮೇಲೆ ತಮಗೂ ಕೆಲವು ರಾತ್ರಿ ಎಚ್ಚರವಾಗುವಷ್ಟು ಗಾಬರಿ ಬರುತ್ತದೆಂದು ಹೇಳಿಕೊಂಡಿದ್ದರು. ಕೇಳಿದವರು ಮರುಗಿದರೆ ಆ ಮರುಕ ತಮಗೆ ಬೇಡವೆನ್ನುತ್ತಿದ್ದರು: ಒಂದಿಷ್ಟು ರಾಸಾಯನಿಕಗಳು ಹೊತ್ತಲ್ಲದ ಹೊತ್ತಿನಲ್ಲಿ ಕದಲಿವೆ ಅಷ್ಟೆ, ಅದಕ್ಕೆ ತಾವು ಬೆಲೆ ಕೊಡುವುದಿಲ್ಲ ಎಂದು.